ಚೋಕ್ ಎಳೆಯುತ್ತಿದ್ದ ಕೈ ಎಲ್ಲಿ ಹೋಯಿತು?

ಚಳಿಗಾಲದ ಬೆಳಿಗ್ಗೆ ಸ್ಕೂಟರ್ ಚಾಲೂ ಮಾಡುವುದು ಒಂದು ಕಾಲಕ್ಕೆ ಸಣ್ಣ ವಿದ್ಯೆಯೇ ಆಗಿತ್ತು. ಪೆಟ್ರೋಲಿನ ನಲ್ಲಿ ತಿರುಗಿಸಬೇಕು, ಚೋಕ್ ಎಳೆಯಬೇಕು, ಎರಡು ಸಲ ಸುಮ್ಮನೆ ಕಿಕ್ ಹೊಡೆದು ಮೂರನೆಯದಕ್ಕೆ ಎಂಜಿನ್ ಕೆಮ್ಮಿದೊಡನೆ ಎಕ್ಸಲರೇಟರನ್ನು ಹದವಾಗಿ ತಿರುವಬೇಕು. ಎಂಜಿನ್ ಬೆಚ್ಚಗಾದ ಮೇಲೆ ಚೋಕನ್ನು ಒಳಗೆ ತಳ್ಳಲು ಮರೆಯಬಾರದು. ಗಾಡಿ ಹಟ ಹಿಡಿದರೆ ಒಂದು ಮಗ್ಗುಲಿಗೆ ವಾಲಿಸುವುದು ಕಡೆಯ ಮಂತ್ರ. ಈಗ ಗುಂಡಿ ಒತ್ತಿದರೆ ಮುಗಿಯಿತು. ಇದನ್ನು ನಾವು ‘ಸುಧಾರಣೆ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಆದರೆ ಚೋಕ್ ಎಳೆಯುತ್ತಿದ್ದ ಕೈ ಮಾಡುತ್ತಿದ್ದ ಕೆಲಸ ನಿಂತಿಲ್ಲ. ತಣ್ಣಗಿರುವ ಎಂಜಿನ್‌ಗೆ ಗಾಳಿಗೆ ಬೆರೆಯುವ ಪೆಟ್ರೋಲಿನ ಪಾಲು ಎಂದಿಗಿಂತ ಹೆಚ್ಚಿರಬೇಕೆಂಬ ನಿಯಮ ಇಂದಿಗೂ ಹಾಗೇ ಇದೆ. ಕೆಲಸ ಅದೇ, ಕೆಲಸಗಾರ ಬೇರೆ. ಹಳೆಯ ತಂತ್ರಜ್ಞಾನ ಮಾಗುವ ಬಗೆಯೇ ಇದು: ಅದರ ತೊಡಕು ಕರಗಿಹೋಗುವುದು ಅಪರೂಪ, ಹೆಚ್ಚಿನ ಸಲ ಅದು ಮನೆ ಬದಲಾಯಿಸುತ್ತದೆ. ಈ ಮನೆ ಬದಲಾವಣೆ ಸುಸೂತ್ರವಾಗಿ ನಡೆಯುವುದು ಹೊಸ ಯಂತ್ರದ ಜಾಣ್ಮೆಯೊಂದರಿಂದಲೇ ಅಲ್ಲ. ಹಳತು ಹೊಸತು ಸಂಧಿಸುವ ಹೊಸ್ತಿಲು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಅದು ನಿಂತಿದೆ. ಕಾರಿನ ಬಿಡಿಭಾಗದ ಕಥೆಯಲ್ಲೂ ಕನ್ನಡ ತಂತ್ರಾಂಶದ ಕಥೆಯಲ್ಲೂ ಈ ಮಾತಿಗೆ ಸಾಕ್ಷ್ಯ ಸಿಗುತ್ತದೆ.

ಸನ್ನೆಕೋಲಿನಿಂದ ಸೆನ್ಸರ್‌ಗೆ

1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಸ್ಟೀರಿಂಗ್ ಚಕ್ರದ ಕೆಳಗೆ ಎರಡು ಸನ್ನೆಕೋಲುಗಳಿದ್ದವು. ಬಲಗಡೆಯದು ವೇಗಕ್ಕೆ, ಎಡಗಡೆಯದು ಸಿಲಿಂಡರಿನೊಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದನ್ನು ಹಿಂದೆ ಮುಂದೆ ಮಾಡಲಿಕ್ಕೆ. ಕಿಡಿಯನ್ನು ತಡಮಾಡದೆ ಮುಂಭಾಗದ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು, ತಿರುಗಿಸಿದವನ ಮಣಿಕಟ್ಟು ಮುರಿಯುತ್ತಿತ್ತು. ಅಂದರೆ ದಹನದ ಗಳಿಗೆಯ ಲೆಕ್ಕ ಎಂಜಿನಿಯರನ ಕಾಗದದಲ್ಲಷ್ಟೇ ಇರಲಿಲ್ಲ, ಚಾಲಕನ ಎಡಗೈಯಲ್ಲೂ ಇರಬೇಕಿತ್ತು. 1912ರ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದು ಹ್ಯಾಂಡಲ್ ತಿರುಗಿಸುವ ಕೆಲಸವನ್ನು ಬ್ಯಾಟರಿಗೂ ಮೋಟರಿಗೂ ಒಪ್ಪಿಸಿತು. ಕಿಡಿಯ ಲೆಕ್ಕ ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುವ ಪುಟ್ಟ ತೂಕಗಳಿಗೆ, ಆಮೇಲೆ ಎಲೆಕ್ಟ್ರಾನಿಕ್ ಸರ್ಕೀಟಿಗೆ ದಾಟಿತು. ಪ್ರತಿ ಹೆಜ್ಜೆಯಲ್ಲೂ ಚಾಲಕನ ತಲೆಯಿಂದ ಒಂದು ಭಾರ ಇಳಿದು ಯಂತ್ರದ ಬೆನ್ನಿಗೇರಿತು. ಕಾರು ಓಡಿಸಲು ಕಾರಿನ ಒಳಗುಟ್ಟು ಗೊತ್ತಿರಬೇಕಿಲ್ಲ ಎಂಬ ಸ್ಥಿತಿ ಹೀಗೆ ಹುಟ್ಟಿತು. ಲಕ್ಷಾಂತರ ಜನ ಚಾಲಕರಾದದ್ದು ಈ ಅಜ್ಞಾನ ಸಾಧ್ಯವಾದದ್ದರಿಂದ.

ಕಾರ್ಬ್ಯುರೇಟರ್‌ನ ಕಥೆ ಇನ್ನೂ ಸ್ವಾರಸ್ಯಕರ. ಅದರ ತತ್ವ ಸರಳ. ಸೊಂಟ ಸಣ್ಣಗಾದ ಕೊಳವೆಯಲ್ಲಿ ಗಾಳಿ ರಭಸದಿಂದ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಿಂದ ಪೆಟ್ರೋಲು ಸಣ್ಣ ತೂತಿನ ಮೂಲಕ ತಾನೇ ಮೇಲೆದ್ದು ಗಾಳಿಗೆ ಬೆರೆಯುತ್ತದೆ. ಲೆಕ್ಕ ಹಾಕುವ ಮಿದುಳಿಲ್ಲ, ವಿದ್ಯುತ್ ಬೇಡ. ಆದರೆ ಎಂಜಿನ್ ಸುಮ್ಮನೆ ನಿಂತಾಗ ಒಂದು ಹದ, ಏರು ಹತ್ತುವಾಗ ಇನ್ನೊಂದು, ಥಟ್ಟನೆ ವೇಗ ಹೆಚ್ಚಿಸಿದಾಗ ಮತ್ತೊಂದು, ಚಳಿಯಲ್ಲಿ ಬೇರೆಯದೇ. ಒಂದೊಂದು ಸಂದರ್ಭಕ್ಕೂ ಒಂದೊಂದು ಜೆಟ್, ಪಂಪು, ಕವಾಟ ಸೇರುತ್ತ ಹೋದವು. ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆಯ ನಂತರ ಬಂದ ಹೊಗೆ ಶುದ್ಧಿ ಸಾಧನಗಳಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಹದ ಸದಾ ಬೇಕಾಯಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಬಾಷ್ ಕಂಪನಿಯ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಕಾಣಿಸಿಕೊಂಡಿತು. ಆಗಲೂ ಅಮೆರಿಕದ ಹಲವು ಕಾರುಗಳು ಕಾರ್ಬ್ಯುರೇಟರನ್ನು ಕೈಬಿಡಲಿಲ್ಲ. ಅದಕ್ಕೇ ವಿದ್ಯುತ್ ಕವಾಟ ಕಟ್ಟಿ, ಕಂಪ್ಯೂಟರ್ ಜೋಡಿಸಿ, ರಬ್ಬರ್ ಕೊಳವೆಗಳ ಕಾಡು ಬೆಳೆಸಿದವು. ಆರುವ ಮುನ್ನ ದೀಪ ಜೋರಾಗಿ ಉರಿಯುತ್ತದಂತೆ. ಕಾರ್ಬ್ಯುರೇಟರ್ ತನ್ನ ಆಯುಷ್ಯದಲ್ಲೇ ಅತ್ಯಂತ ಜಟಿಲವಾಗಿದ್ದದ್ದು ಕಾರುಗಳಿಂದ ಮರೆಯಾಗುವ ಹೊತ್ತಿನಲ್ಲಿ. ಪ್ರೌಢತೆಗೂ ಜಟಿಲತೆಗೂ ನಂಟು ಕಟ್ಟುವವರು ಈ ಕಡೆಯ ವರ್ಷಗಳನ್ನು ನೋಡಬೇಕು. ಮೂಲ ಉಪಾಯದ ಶಕ್ತಿ ತೀರಿದ ಮೇಲೂ ಅದನ್ನು ಎಳೆದಾಡಿದಾಗ ಜಟಿಲತೆ ಉಬ್ಬುತ್ತದೆ. ಅದು ಮಾಗಿದ ಗುರುತಲ್ಲ, ಬಳಲಿದ ಗುರುತು.

ಅದರ ಜಾಗಕ್ಕೆ ಬಂದ ಫ್ಯೂಯೆಲ್ ಇಂಜೆಕ್ಷನ್ ಹೊಸ ಕನಸೇನೂ ಆಗಿರಲಿಲ್ಲ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಯಾಂತ್ರಿಕ ಇಂಜೆಕ್ಷನ್ ಇತ್ತು. 1967ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಕಾರಿಗೆ ಬಾಷ್‌ನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಜೋಡಿಸಿತ್ತು. ಅಗ್ಗದ ಚಿಪ್ಪು ಕೈಗೆ ಬಂದು, ಹೊಗೆಯ ಕಾನೂನು ಬೆನ್ನು ಹತ್ತುವವರೆಗೆ ಅದು ಕಾಯಬೇಕಾಯಿತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1980ರ ದಶಕದ ಎಷ್ಟೋ ಕಾರುಗಳಲ್ಲಿ ಇಂಜೆಕ್ಟರ್ ಬಂದು ಕೂತದ್ದು ಕಾರ್ಬ್ಯುರೇಟರ್ ಕೂರುತ್ತಿದ್ದ ಜಾಗದಲ್ಲೇ. ಅದೇ ಗಾಳಿಯ ದಾರಿ, ಅದೇ ಎಂಜಿನ್, ಚಾಲಕನ ಕಾಲಡಿಗೆ ಅದೇ ಪೆಡಲು. ಹೊಸ್ತಿಲು ಅಲ್ಲಾಡಲಿಲ್ಲ, ಒಳಗಿನ ಸಂಸಾರ ಬದಲಾಯಿತು. ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇಡುವ ಪದ್ಧತಿ ಸಾರ್ವತ್ರಿಕವಾದದ್ದು ಆ ನಂತರ. ಭಾರತದಲ್ಲಿ 2020ರ ಏಪ್ರಿಲ್ 1ರಂದು ಹೊಗೆಯ ಬಿಎಸ್-6 ಮಾನದಂಡ ಜಾರಿಯಾದಾಗ ಹೊಸ ಬೈಕು, ಸ್ಕೂಟರುಗಳಿಂದಲೂ ಕಾರ್ಬ್ಯುರೇಟರ್ ಬಹುತೇಕ ಹೊರಟುಹೋಯಿತು. ಪೂರ್ತಿ ಸತ್ತಿತೆ? ಇಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಹೆಗಲಿಗೆ ಜೋತುಬಿದ್ದು ಗುರುಗುಡುವ ಕಳೆ ಕತ್ತರಿಸುವ ಯಂತ್ರದಲ್ಲಿ, ಮರ ಕೊಯ್ಯುವ ಗರಗಸದಲ್ಲಿ ಅದು ಇನ್ನೂ ದುಡಿಯುತ್ತಿದೆ. ಬ್ಯಾಟರಿ ಇಲ್ಲದೆ, ಓರೆ ಹಿಡಿದರೂ ಕೆಡದೆ ನಡೆಯುವ ಕೆಲಸಕ್ಕೆ ಅದು ಇಂದಿಗೂ ಸೈ. ಹಳೆಯ ತಂತ್ರಜ್ಞಾನ ತನಗೆ ನಿಜವಾಗಿ ಒಪ್ಪುವ ಮೂಲೆಗೆ ಸರಿದು ನೆಲೆ ನಿಲ್ಲುವುದೂ ಮಾಗುವುದರ ಒಂದು ರೀತಿ.

ತೊಡಕು ಮನೆ ಬದಲಾಯಿಸುವಾಗ ಎಲ್ಲ ಸಲವೂ ಯಂತ್ರದ ಬೆನ್ನಿಗೇ ಏರುವುದಿಲ್ಲ, ನೆರೆಯವರ ಬೆನ್ನಿಗೂ ಏರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳ ಟೂ ಸ್ಟ್ರೋಕ್ ಎಂಜಿನ್ ರಚನೆಯಲ್ಲಿ ಬಲು ಸರಳ. ಕವಾಟಗಳಿಲ್ಲ, ಪ್ರತ್ಯೇಕ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಿದರೆ ಅದೇ ಎಂಜಿನ್‌ನ ಒಳಭಾಗಗಳಿಗೆ ಲೇಪವಾಗುತ್ತಿತ್ತು. ಆ ಸರಳತೆಯ ಬೆಲೆಯನ್ನು ಕೊಟ್ಟದ್ದು ಊರಿನ ಗಾಳಿ. ಅರೆಬರೆ ಉರಿದ ಎಣ್ಣೆ ನೀಲಿ ಹೊಗೆಯಾಗಿ ಹಿಂದೆ ಬರುವವರ ಎದೆಗೆ ಇಳಿಯುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆ ಆ ಬಾಕಿ ಲೆಕ್ಕಕ್ಕೆ ಬಂತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ದುಂಡು ಟ್ಯಾಂಕಿನ ಹಳೆಯ ಚಹರೆ ಹಾಗೇ ಇತ್ತು. ಒಳಗೆ ದ್ರವದಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್, ಫ್ಯೂಯೆಲ್ ಇಂಜೆಕ್ಷನ್ ಇದ್ದವು. ಆದ್ದರಿಂದ ಯಾವುದೇ ಯಂತ್ರವನ್ನು ‘ಸರಳ’ ಎಂದು ಹೊಗಳುವ ಮೊದಲು ಅದು ಬಿಟ್ಟ ತೊಡಕನ್ನು ಯಾರು ಹೊತ್ತರು ಎಂದು ಕೇಳುವುದು ಒಳ್ಳೆಯದು.

ಸವೆಯದ ವಸ್ತು ಏಕೆ ಹಳತಾಗುತ್ತದೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಲೋಹ ಸವೆಯುತ್ತದೆ, ರಬ್ಬರ್ ಬಿರುಕು ಬಿಡುತ್ತದೆ. ತಂತ್ರಾಂಶಕ್ಕೆ ಈ ಯಾವ ಕಾಯಿಲೆಯೂ ಇಲ್ಲ. ಇಂದು ಸರಿಯಾಗಿ ಓಡಿದ ಪ್ರೋಗ್ರಾಂ ನೂರು ವರ್ಷದ ನಂತರವೂ ಅಕ್ಷರಶಃ ಹಾಗೇ ಇರುತ್ತದೆ. ಹಾಗಿದ್ದ ಮೇಲೆ ಬಿಡಿಭಾಗದ ಹೋಲಿಕೆ ಎಷ್ಟು ಸರಿ? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಕಂಪ್ಯೂಟರ್ ವಿಜ್ಞಾನಿ ಮೆಯರ್ ಲೇಮನ್ 1970ರ ದಶಕದಲ್ಲೇ ಉತ್ತರ ಕೊಟ್ಟಿದ್ದರು. ದೊಡ್ಡ ತಂತ್ರಾಂಶಗಳ ಬೆಳವಣಿಗೆಯನ್ನು ಅಳೆದು ನೋಡಿದ ಅವರು ಕಂಡುಕೊಂಡದ್ದಿಷ್ಟು: ಬಳಕೆಯಲ್ಲಿರುವ ಪ್ರೋಗ್ರಾಂ ಸತತವಾಗಿ ತಿದ್ದಿಕೊಳ್ಳದಿದ್ದರೆ ದಿನೇದಿನೇ ಅನುಪಯುಕ್ತವಾಗುತ್ತದೆ, ತಿದ್ದುತ್ತ ಹೋದರೆ, ಬೇಕೆಂದೇ ಚೊಕ್ಕಟ ಮಾಡದ ಹೊರತು, ಗೋಜಲು ಹೆಚ್ಚುತ್ತದೆ. ತಂತ್ರಾಂಶ ನಿಂತಲ್ಲೇ ನಿಂತಿರುತ್ತದೆ, ಅದರ ಸುತ್ತಲಿನ ಲೋಕ ಸರಿಯುತ್ತದೆ. ಕಾನೂನು, ತೆರಿಗೆ, ಯಂತ್ರ, ಬಳಸುವವರ ನಿರೀಕ್ಷೆ ಎಲ್ಲವೂ ಜರುಗುತ್ತವೆ. ಬಾಗಿಲು ಹಳತಾಗದೆ ಚೌಕಟ್ಟು ವಾಲಿದರೂ ಬಾಗಿಲು ಹಾಕಿಕೊಳ್ಳುವುದಿಲ್ಲ.

ಕೋಬಾಲ್ ಭಾಷೆಯನ್ನು ನೋಡಿ. 1959ರಲ್ಲಿ ಅಮೆರಿಕದಲ್ಲಿ ಸರ್ಕಾರ ಮತ್ತು ಉದ್ಯಮಗಳ ಪ್ರತಿನಿಧಿಗಳು ಸೇರಿ, ಗ್ರೇಸ್ ಹಾಪರ್ ಅವರ ಹಿಂದಿನ ಕೆಲಸವನ್ನು ಆಧಾರ ಮಾಡಿಕೊಂಡು ರೂಪಿಸಿದ ಭಾಷೆ ಅದು. ಯಾವ ಕಂಪನಿಯ ಕಂಪ್ಯೂಟರಿನಲ್ಲಾದರೂ ಲೆಕ್ಕಪತ್ರ ಓಡಲಿ ಎಂಬುದು ಅದರ ಗುರಿ. ಭಾಷೆಯ ಹೊಸ್ತಿಲು ಗಟ್ಟಿಯಿತ್ತು. ಕೆಳಗಿನ ಯಂತ್ರಗಳು ಎಷ್ಟೋ ತಲೆಮಾರು ಬದಲಾದರೂ ಬ್ಯಾಂಕು, ವಿಮೆ, ಪಿಂಚಣಿಯ ಪ್ರೋಗ್ರಾಂಗಳು ಓಡುತ್ತಲೇ ಬಂದವು. ಕೆಟ್ಟದ್ದು ಇನ್ನೊಂದು ಹೊಸ್ತಿಲು. 80 ಅಂಕಣದ ಪಂಚ್ ಕಾರ್ಡಿನ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು, ಹಾಗಾಗಿ ಇಸವಿಯನ್ನು ಎರಡೇ ಅಂಕೆಯಲ್ಲಿ ಬರೆಯುವ ರೂಢಿ ಬಿತ್ತು. 00 ಎಂದರೆ 1900ರೋ 2000ದೋ ಎಂಬ ಗೊಂದಲ ಶತಮಾನ ಮುಗಿಯುವ ಹೊತ್ತಿಗೆ ಮನೆ ಬಾಗಿಲಿಗೆ ಬಂತು. ಆಗ ಬೆಂಗಳೂರು ಸೇರಿದಂತೆ ಭಾರತದ ಐಟಿ ಕಂಪನಿಗಳ ಸಾವಿರಾರು ಎಂಜಿನಿಯರುಗಳು ಯಾರೋ ಎಂದೋ ಬರೆದ ಸಾಲುಗಳನ್ನು ಓದಿ ತಿದ್ದಿದರು. ನಮ್ಮ ಐಟಿ ಉದ್ಯಮ ವಿದೇಶಿ ಗ್ರಾಹಕರ ವಿಶ್ವಾಸ ಗಳಿಸಿದ ದೊಡ್ಡ ಅವಕಾಶಗಳಲ್ಲಿ ಅದೂ ಒಂದು. ಹೊಸದನ್ನು ಕಂಡುಹಿಡಿದವರೆಂಬ ಬಿರುದು ಅವರಿಗೆ ಸಿಗಲಿಲ್ಲ. ಆದರೆ ಹಳತನ್ನು ಓದಬಲ್ಲವರಿಲ್ಲದೆ ಲೋಕ ನಡೆಯದು ಎಂಬುದನ್ನು ತೋರಿಸಿಕೊಟ್ಟರು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದ ನಿರುದ್ಯೋಗ ಭತ್ಯೆಯ ಅರ್ಜಿಗಳು ಹೊಳೆಯಂತೆ ಹರಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಿದರು. ಭಾಷೆ ಬದುಕಿತ್ತು, ಅದನ್ನು ಬಲ್ಲವರ ಸಂಖ್ಯೆ ಕರಗಿತ್ತು.

ಇಷ್ಟು ತಾಪತ್ರಯ ಏಕೆ, ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಬಾರದೆ ಎನ್ನುವವರಿದ್ದಾರೆ. ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ಹೀಗೇ ಯೋಚಿಸಿತು. ಜಗತ್ತಿಗೆ ಅಂತರ್ಜಾಲದ ರುಚಿ ಹತ್ತಿಸಿದ ತನ್ನ ಬ್ರೌಸರನ್ನು ಬಹುಪಾಲು ಮೊದಲಿನಿಂದ ಬರೆಯಲು ಕುಳಿತಿತು. ನಾಲ್ಕನೆಯ ಆವೃತ್ತಿಯ ನಂತರ ಐದನೆಯದು ಬರಲೇ ಇಲ್ಲ. ಆರನೆಯದು 2000ದ ಕೊನೆಗೆ ಬರುವಷ್ಟರಲ್ಲಿ ಮಾರುಕಟ್ಟೆ ಮೈಕ್ರೋಸಾಫ್ಟ್‌ನ ಪಾಲಾಗಿತ್ತು. ಆ ಹೊಸ ಬರವಣಿಗೆಯ ಫಲ ವ್ಯರ್ಥವಾಗಲಿಲ್ಲ, ಮುಂದೆ ಅದರಿಂದಲೇ ಫೈರ್‌ಫಾಕ್ಸ್ ಹುಟ್ಟಿತು. ಆದರೆ ಫಲ ಹಣ್ಣಾಗುವುದನ್ನು ನೋಡಲು ಗಿಡ ನೆಟ್ಟ ಕಂಪನಿ ಉಳಿದಿರಲಿಲ್ಲ. ಹಳೆಯ ಕೋಡಿನಲ್ಲಿ ಕೊಳಕಾಗಿ ಕಾಣುವ ಎಷ್ಟೋ ಸಾಲುಗಳು ಹಿಂದೆಂದೋ ಎದುರಾದ ಒಂದೊಂದು ಸಂಕಟಕ್ಕೆ ಹಾಕಿದ ಹೊಲಿಗೆಗಳು. ಅವನ್ನು ಬಿಚ್ಚಿದವರು ಅದೇ ಗಾಯಗಳನ್ನು ಮತ್ತೆ ಮಾಡಿಕೊಳ್ಳಬೇಕಾಗುತ್ತದೆ. ಇಂಜೆಕ್ಷನ್ ಗೆದ್ದದ್ದು, ನೆಟ್‌ಸ್ಕೇಪ್ ಸೋತದ್ದು ಇಲ್ಲೇ: ಒಂದು ಹೊಸ್ತಿಲನ್ನು ಉಳಿಸಿಕೊಂಡು ಒಂದೊಂದೇ ಕೋಣೆ ಬದಲಿಸಿತು, ಇನ್ನೊಂದು ಇಡೀ ಮನೆ ಕೆಡವಿ ಮಳೆಗಾಲಕ್ಕೆ ಸಿಕ್ಕಿತು.

ಬದಲಾಗದೆಯೇ ಬದುಕಿದ ತಂತ್ರಾಂಶವೂ ಇದೆಯಲ್ಲ ಎಂದು ಬಲ್ಲವರು ಡೊನಾಲ್ಡ್ ನೂತ್ ಅವರ ‘ಟೆಕ್’ ಅನ್ನು ತೋರಿಸಬಹುದು. ಗಣಿತದ ಪುಸ್ತಕಗಳ ಪುಟ ಜೋಡಿಸಲು 1970ರ ದಶಕದ ಕೊನೆಯಲ್ಲಿ ಅವರು ಬರೆದ ತಂತ್ರಾಂಶ ಅದು. ತಪ್ಪು ಹುಡುಕಿ ಕೊಟ್ಟವರಿಗೆ ಬಹುಮಾನದ ಚೆಕ್ ಕಳಿಸುವುದು ಅವರ ಪದ್ಧತಿಯಾಗಿತ್ತು. ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿ ಮೂರು ದಶಕ ದಾಟಿದೆ. ತಿದ್ದುಪಡಿಯಾದಾಗಲೆಲ್ಲ ಆವೃತ್ತಿಯ ಸಂಖ್ಯೆ ಗಣಿತದ ಪೈ ಬೆಲೆಯತ್ತ ಒಂದೊಂದು ಅಂಕೆ ಸರಿಯುತ್ತದೆ. 2021ರಲ್ಲಿ ಅದು 3.141592653 ಆಯಿತು. ತಮ್ಮ ಕಾಲಾನಂತರ ಆ ಸಂಖ್ಯೆ ಪೈ ಆಗಿಯೇ ನಿಲ್ಲಲಿ, ಉಳಿದ ತಪ್ಪುಗಳು ತಪ್ಪುಗಳೆನಿಸದಿರಲಿ ಎಂದು ಅವರು ಹೇಳಿಟ್ಟಿದ್ದಾರೆ. ಲೇಮನ್ ನಿಯಮಕ್ಕೆ ಇದು ಅಪವಾದದಂತೆ ಕಾಣುತ್ತದೆ. ಹತ್ತಿರ ಹೋದರೆ ಬೇರೆ ಚಿತ್ರ. ಟೆಕ್ ಸುತ್ತ ಕಟ್ಟಿದ ಲೇಟೆಕ್, ಝೀಟೆಕ್ ಮೊದಲಾದವು ನಿರಂತರ ಬದಲಾಗುತ್ತಿವೆ; ಒಂದೊಂದು ಲಿಪಿಯ ಅಕ್ಷರಗಳಿಗೂ ಸ್ವಂತ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯ ಕನ್ನಡವನ್ನು ಝೀಟೆಕ್‌ನಲ್ಲಿ ಅಚ್ಚಿಗೆ ಜೋಡಿಸಲು ಸಾಧ್ಯವಾದದ್ದು ಹೊರಗಿನವರು ಸೇರಿಸಿದ ಭಾಗಗಳಿಂದ. ಗರ್ಭಗುಡಿ ಅಚಲವಾಗಿ ನಿಂತಿದೆ, ಏಕೆಂದರೆ ಪ್ರಾಕಾರದಲ್ಲಿ ಕೆಲಸ ನಿಂತಿಲ್ಲ.

ಬೆರಳಿನ ಅಭ್ಯಾಸ, ಅಕ್ಷರದ ಸಂಕೇತ

ಈ ವಾದಕ್ಕೆ ಕನ್ನಡದ್ದೇ ಒಂದು ಗಟ್ಟಿ ಉದಾಹರಣೆಯಿದೆ. ಕಂಪ್ಯೂಟರಿನಲ್ಲಿ ಕನ್ನಡ ಬಂದ ಆರಂಭದ ದಶಕಗಳಲ್ಲಿ ಹೆಚ್ಚಿನ ತಂತ್ರಾಂಶಗಳು ಒಂದು ಜಾಣ ಕಳ್ಳದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಒತ್ತು, ಕೊಂಬುಗಳನ್ನು ತುಂಬಿದವು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್. ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳು. ಪದ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಒಂದು ತಂತ್ರಾಂಶದ್ದು ಇನ್ನೊಂದಕ್ಕೆ ಒಗ್ಗದು. ಎರಡಂಕೆಯ ಇಸವಿಯಂತೆ ಇದೂ ಅಳತೆ ತಪ್ಪಿದ ಹೊಸ್ತಿಲು. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತ್ತು. ಅದು ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು. ಅಚ್ಚಿನ ಮನೆಗಳ ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಅರಿಯದು. ಹಾಗಾಗಿ ಎಷ್ಟೋ ಪುಸ್ತಕಗಳು ಯೂನಿಕೋಡ್ ಬಂದ ಮೇಲೂ ಹಳೆಯ ಫಾಂಟಿನಲ್ಲೇ ತಯಾರಾದವು. ಅಕ್ಕಪಕ್ಕದ ಬಾಗಿಲು ತೆರೆಯದಿದ್ದರೆ ಒಂದು ಮನೆ ಎಷ್ಟು ಸುಧಾರಿಸಿದರೂ ದಾರಿ ಕಾಣದು.

ಆದರೂ ಲಕ್ಷಾಂತರ ಕನ್ನಡಿಗರು ದೊಡ್ಡ ಗದ್ದಲವಿಲ್ಲದೆ ಈ ಬದಲಾವಣೆಯನ್ನು ದಾಟಿದರು. ಕಾರಣ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಹಳೆಯ ಟೈಪ್‌ರೈಟರ್ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಹೊಡೆಸುತ್ತಿತ್ತು. ರಾವ್ ಅವರ ವಿನ್ಯಾಸ ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿಯಿತು: ವ್ಯಂಜನ, ಬೇಕಾದರೆ ಅದನ್ನು ಬೆಸೆಯುವ ಒಂದು ಕೀಲಿ, ಆಮೇಲೆ ಮುಂದಿನ ವ್ಯಂಜನ, ಕೊನೆಗೆ ಸ್ವರ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಕೇಂದ್ರಗಳಿಗೂ ಹಬ್ಬಿತು. ಯೂನಿಕೋಡ್ ಕೂಡ ಅಕ್ಷರವನ್ನು ಇದೇ ಅನುಕ್ರಮದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಒಳಗಿನ ಸಂಕೇತ ಪೂರ್ತಿ ಬದಲಾದಾಗಲೂ ಬೆರಳುಗಳು ಹೊಸ ಪಾಠ ಕಲಿಯಬೇಕಾಗಲಿಲ್ಲ. ಕಾರ್ಬ್ಯುರೇಟರ್ ಪೀಠದ ಮೇಲೆ ಇಂಜೆಕ್ಟರ್ ಕೂತಂತೆ, ಅದೇ ಕೀಲಿಮಣೆಯ ಕೆಳಗೆ ಯೂನಿಕೋಡ್ ಬಂದು ಕೂತಿತು. ತೊಡಕು ಇಲ್ಲೂ ಶೂನ್ಯವಾಗಲಿಲ್ಲ. ‘ಸೂರ್ಯ’ದ ಅರ್ಕಾವೊತ್ತು ಬರೆದಷ್ಟು ಸಲೀಸಾಗಿ ‘ರ‍್ಯಾಂಕ್’ ಬರೆಯಲಾಗದು. ಅದಕ್ಕೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸಬೇಕು. ಅಕ್ಷರ ಸರಿಯಾಗಿ ಮೂಡಿಸುವ ಹೊಣೆ ಟೈಪಿಸುವವರಿಂದ ಫಾಂಟ್ ರಚಿಸುವವರ, ಆಪರೇಟಿಂಗ್ ಸಿಸ್ಟಂ ಬರೆಯುವವರ ಹೆಗಲಿಗೆ ಸರಿದಿದೆ ಅಷ್ಟೆ.

ಹೊರೆ ಯಾರ ಹೆಗಲಿಗೆ?

ತೊಡಕು ಸ್ಥಳ ಬದಲಿಸುತ್ತದೆ ಎನ್ನುವುದಕ್ಕಿಂತ ಕಡಿಮೆಯಾಗುತ್ತದೆ ಎನ್ನುವುದೇ ಸರಿಯಲ್ಲವೆ? ಕೋಟಿ ಚಾಲಕರು ದಿನಾ ಮಾಡುತ್ತಿದ್ದ ಕೆಲಸವನ್ನು ನೂರು ಎಂಜಿನಿಯರುಗಳು ಒಮ್ಮೆ ಮಾಡಿದರೆ ಒಟ್ಟು ಹೊರೆ ಇಳಿದಂತೆಯೇ. ಇದನ್ನು ಒಪ್ಪಲೇಬೇಕು, ಮಾಗಿದ ತಂತ್ರಜ್ಞಾನದ ನಿಜವಾದ ಲಾಭ ಇದೇ. ಆದರೆ ಕಡಿಮೆಯಾದ ಹೊರೆ ಕೆಲವರ ಮೇಲೆ ದಟ್ಟವಾಗಿ ಕೂರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಅಂತರ್ಜಾಲದ ದೊಡ್ಡ ಪಾಲಿಗೆ ಬೀಗ ಹಾಕುತ್ತಿದ್ದ ಆ ಕೋಡನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ ಎಂಬುದು ಲೋಕಕ್ಕೆ ತಿಳಿಯಿತು. ಎರಡು ವರ್ಷ ಆ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲಸ ಕಣ್ಮರೆಯಾದ ಕಡೆ ಕೆಲಸಗಾರನೂ ಕಣ್ಮರೆಯಾಗುತ್ತಾನೆ, ಅವನಿಗೆ ಸಲ್ಲಬೇಕಾದ ಕೂಲಿಯೂ.

ಹಿಂದೆ ಮೂಲೆಯ ಗ್ಯಾರೇಜಿನಲ್ಲಿ ಒಂದು ಸ್ಕ್ರೂಡ್ರೈವರ್ ಸಾಕಿತ್ತು, ಈಗ ಎಲ್ಲಕ್ಕೂ ಕಂಪನಿಯ ಷೋರೂಮಿಗೇ ಹೋಗಬೇಕು ಎಂಬ ಕೊರಗು ಇನ್ನೊಂದು. ಇದರಲ್ಲಿ ಅರ್ಧ ಹಳಹಳಿಕೆ. ಕಾರ್ಬ್ಯುರೇಟರ್ ಸುಲಭವಾಗಿ ರಿಪೇರಿಯಾಗುತ್ತಿತ್ತು ನಿಜ, ಮೇಲಿಂದ ಮೇಲೆ ರಿಪೇರಿಯನ್ನು ಬೇಡುತ್ತಲೂ ಇತ್ತು. ಉಳಿದರ್ಧ ಮಾತ್ರ ಪಕ್ಕಾ ನ್ಯಾಯ. ಚಾಲಕನಿಂದ ಯಂತ್ರಕ್ಕೆ ಸರಿದ ಜ್ಞಾನ ಬೀಗ ಹಾಕಿದ ಪೆಟ್ಟಿಗೆಯೊಳಗೆ ಕೂತರೆ ಅದು ಮಾಗಿದ್ದಲ್ಲ, ಕಿತ್ತುಕೊಂಡದ್ದು. ಇಲ್ಲೂ ಪರಿಹಾರ ಹೊಸ್ತಿಲಿನಲ್ಲೇ ಇದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ದೋಷ ಪತ್ತೆಗೆ ಒಂದೇ ಬಗೆಯ ಸಾಕೆಟ್, ಸಮಾನ ಸಂಕೇತಗಳು ಕಡ್ಡಾಯವಾದವು. ಸಣ್ಣ ಗ್ಯಾರೇಜಿನವನೂ ಸ್ಕ್ಯಾನರ್ ಚುಚ್ಚಿ ಎಂಜಿನ್‌ನ ನಾಡಿ ನೋಡುವಂತಾಯಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆದದ್ದರ ಹಿಂದೆಯೂ ಇದೇ ವಿಚಾರವಿದೆ. ಒಳಗೆ ಎಷ್ಟೇ ಜಟಿಲವಿರಲಿ, ಹೊಸ್ತಿಲ ಬಳಿ ನಿಂತವನಿಗೆ ಒಳಗಿನ ಸುದ್ದಿ ತಿಳಿಯುವಂತಿರಬೇಕು.

ಮುಂದಿನ ಪರೀಕ್ಷೆಯ ದಿನಾಂಕ ಈಗಲೇ ಗೊತ್ತಿದೆ. ಯುನಿಕ್ಸ್ ಪರಂಪರೆಯ ಕಂಪ್ಯೂಟರುಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲ ಹೇಳುತ್ತವೆ. ಆ ಎಣಿಕೆಗೆ 32 ಬಿಟ್‌ಗಳಷ್ಟೇ ಜಾಗವಿರುವ ಹಳೆಯ ಯಂತ್ರಗಳಲ್ಲಿ 2038ರ ಜನವರಿ 19ರ ಮಂಗಳವಾರ, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಜಾಗ ತುಂಬಿ, ಮರುಕ್ಷಣ ಗಡಿಯಾರ 1901ಕ್ಕೆ ಜಿಗಿಯುತ್ತದೆ. ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸುವ ಕೆಲಸ ವರ್ಷಗಳಿಂದ ನಡೆದಿದೆ. ದೊಡ್ಡ ಕಂಪ್ಯೂಟರುಗಳಲ್ಲಿ ಬಹುಪಾಲು ಮುಗಿದಿದೆ, ಗೋಡೆಯೊಳಗೆ, ಯಂತ್ರದೊಳಗೆ ಹುದುಗಿದ ಸಣ್ಣ ಚಿಪ್ಪುಗಳಲ್ಲಿ ಬಾಕಿಯಿದೆ. 2000ದ ಜನವರಿ 1ರಂದು ಹೆಚ್ಚೇನೂ ಕೆಡದಿದ್ದಾಗ, ಇಷ್ಟಕ್ಕೇ ಅಷ್ಟು ಗುಲ್ಲೇ ಎಂದು ಲೋಕ ನಕ್ಕಿತು. ಆ ಮಂಗಳವಾರವೂ ಏನೂ ಆಗದೆ ಜನ ಬಸ್ಸು ಹಿಡಿದು ಕಚೇರಿ ಸೇರಿದರೆ ಅದನ್ನು ಅದೃಷ್ಟ ಎನ್ನಬಾರದು. ಅದಕ್ಕೆ ಎಷ್ಟೋ ಮುಂಚೆಯೇ ಯಾರದೋ ಕೈ ಚೋಕ್ ಎಳೆದಿರುತ್ತದೆ.